ಪರದೆಯ ಪಕ್ಕ ನಿಂತು ತಮಿಳು ಹೇಳಿದವರು

ಅವರಿಗೆ ತಮಿಳು ಬರುತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂದಾಗ ನನಗೆ ಮೊದಲು ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಹೇಳದೆ ಹೋಗಿಬಿಟ್ಟರಲ್ಲ ಮಹಾರಾಯರು! ನಾನು ಸೇಡಂನಲ್ಲಿ ಹೈಸ್ಕೂಲು ಮಕ್ಕಳಿಗೆ ಲೆಕ್ಕ ಕಲಿಸುವವಳು. ಕೇಳಿದ್ದಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರ ಸಿಗದಿದ್ದರೆ ನನಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಆ ಮನುಷ್ಯರಿಂದ ಇಪ್ಪತ್ತೈದು ವರ್ಷದಲ್ಲಿ ಒಂದು ನೆಟ್ಟಗಿನ ಉತ್ತರ ನನಗೆ ಸಿಗಲಿಲ್ಲ.

ಹೆಸರು ಬರೆಯುವುದಿಲ್ಲ. ಅಚ್ಚಿನಲ್ಲಿ ತಮ್ಮ ಹೆಸರು ಕಂಡರೆ ಅವರು ಬಹಳ ಹಿಗ್ಗುತ್ತಿದ್ದರು, ಅದಕ್ಕೇ ಬರೆಯುವುದಿಲ್ಲ. ನಾವೆಲ್ಲ ಪಾರ್ಸಲ್ ಕಾಕಾ ಎನ್ನುತ್ತಿದ್ದೆವು. ವಾಡಿ ಜಂಕ್ಷನ್ನಿನ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತರು. ತೆಂಗಳಿ ಕಡೆಯವರು, ನಮ್ಮವರೇ, ನಮ್ಮ ಮನೆಯಿಂದ ಮೂರನೆಯ ಮನೆಯಲ್ಲಿ ಒಬ್ಬರೇ ಇದ್ದರು. ಉದ್ದಕ್ಕೆ, ತೆಳ್ಳಗೆ, ಕಿವಿಯ ಮೇಲೆ ಪೆನ್ಸಿಲ್ಲು. ದಿನವಿಡೀ ಬುಟ್ಟಿ ಪೆಟ್ಟಿಗೆಗಳಿಗೆ ಚೀಟಿ ಹಚ್ಚುವ ಕೆಲಸವಾದ್ದರಿಂದ ಬೆರಳುಗಳಿಗೆ ಸದಾ ಅಂಟು. ಅವರ ಕೈಯಿಂದ ಪೇಪರು ಇಸಿದುಕೊಂಡರೆ ಬಿಡಿಸಿಕೊಳ್ಳಲು ಎರಡು ಕೈ ಬೇಕಾಗುತ್ತಿತ್ತು.

ನಲವತ್ತಾದರೂ ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಒಂದೊಂದು ಕಾರಣ. ನಮ್ಮ ಅಪ್ಪನಿಗೆ, ಜಾತಕ ಸರಿ ಇಲ್ಲ ಎಂದಿದ್ದರು. ಅವ್ವನಿಗೆ, ಮಳಖೇಡದ ಒಂದು ಹುಡುಗಿ ಮಾತು ಕೊಟ್ಟು ತಪ್ಪಿದಳು ಎಂದಿದ್ದರು. ಅವ್ವ ಆ ಹುಡುಗಿಯನ್ನು ಎರಡು ವರ್ಷ ಬೈದಳು. ನಾನು ಕೇಳಿದಾಗ, "ನಿಮ್ಮಪ್ಪನ ಮದ್ವ್ಯಾಗ ಉಂಡು ಹೊಟ್ಟಿ ಕೆಟ್ಟಿತ್ತವ್ವಾ, ಅವತ್ತಿನಿಂದ ಮದ್ವಿ ಅಂದ್ರ ಅಂಜಿಕಿ" ಎಂದರು. ಮೂರನ್ನೂ ಒಂದೇ ಮುಖದಲ್ಲಿ ಹೇಳುತ್ತಿದ್ದರು, ನಗುತ್ತಲೂ ಇರಲಿಲ್ಲ.

ಆಗ ವಾಡಿಯಲ್ಲಿ ತಗಡಿನ ಚಾವಣಿಯ ಒಂದು ಟಾಕೀಸು ಇತ್ತು. ರೈಲ್ವೆ ಕಾಲೋನಿಯಲ್ಲಿ ಮದ್ರಾಸಿನ ಕಡೆಯ ಮನೆಗಳು ಬಹಳ. ಅವರಿಗಾಗಿ ಭಾನುವಾರ ಮುಂಜಾನೆ ತಮಿಳು ಆಟ. ತಿಕೀಟು ಅಗ್ಗವೆಂದು ಊರವರೂ ನುಗ್ಗಿದರು. ನುಗ್ಗಿದ ಮೇಲೆ ಒಂದು ಮಾತೂ ತಿಳಿಯದು, ಗದ್ದಲ. ಕೊನೆಗೆ ಟಾಕೀಸಿನ ಮಾಲಕರು ತಮಿಳು ಬಲ್ಲವರು ಯಾರಾದರೂ ಇದ್ದೀರೇನು ಎಂದು ಕೇಳಿದರಂತೆ. ಪಾರ್ಸಲ್ ಕಾಕಾ ಕೈ ಎತ್ತಿದರು. "ದಿನಾ ಮದ್ರಾಸ್ ಗಾಡಿ ಎಲಿ ಬುಟ್ಟಿ ಇಳಿಸ್ಕೊಳ್ಳಾಂವಗ ತಮಿಳು ಬರದಽ ಇರ್ತದೇನ್ರಿ?" ಎಂದರಂತೆ. ಮಾಲಕರಿಗೆ ಆ ಮಾತು ಸರಿ ಎನಿಸಿತು. ವೀಳ್ಯದೆಲೆಯ ಬುಟ್ಟಿ ಯಾವಾಗ ಮಾತಾಡಿತ್ತೋ ನನಗೆ ತಿಳಿಯದು.

ಅವತ್ತಿನಿಂದ ಪರದೆಯ ಎಡಕ್ಕೆ ಒಂದು ಸ್ಟೂಲು, ಅದರ ಮೇಲೆ ಕಾಕಾ, ಕೈಯಲ್ಲಿ ಬಾಯಿಗೆ ಹಿಡಿದು ಕೂಗುವ ತಗಡಿನ ಭೋಂಗಾ. ಪರದೆಯ ಮೇಲೆ ಯಾರಾದರೂ ಬಾಯಿ ತೆರೆದು ಮುಚ್ಚಿದ ಕೂಡಲೇ ಇವರದು ಶುರು: "ಈಗ ಅಕಿ ಏನಂದ್ಲಂದ್ರ..." ಆಕೆ ಎರಡು ಶಬ್ದ ಅಂದಿದ್ದರೆ ಇವರು ಎರಡು ನಿಮಿಷ ಹೇಳುತ್ತಿದ್ದರು. ವಕೀಲನೊಬ್ಬ ಕೋರ್ಟಿನಲ್ಲಿ ಹತ್ತು ನಿಮಿಷ ಗುಡುಗಿದರೆ, "ಅಂವಗ ಸಿಟ್ಟು ಬಂದದ" ಎಂದು ಮುಗಿಸುತ್ತಿದ್ದರು. ಅವರ ಬಾಯಲ್ಲಿ ಎಲ್ಲ ಸಿನಿಮಾಗಳೂ ನಮ್ಮ ಸೀಮೆಯಲ್ಲೇ ನಡೆಯುತ್ತಿದ್ದವು. ನಾಯಕ ಚಿತ್ತಾಪುರದಲ್ಲಿ ಕಲಿತವನು, ಖಳನಾಯಕ ಶಹಾಬಾದದ ಫರಸಿ ಕಲ್ಲಿನ ಗುತ್ತೇದಾರ, ಸಮುದ್ರ ಕಂಡರೆ ಕಾಗಿಣಾ ನದಿಗೆ ನೆರೆ ಬಂದಿದೆ. ಹಿಂದೆ ಕುರ್ಚಿಯಲ್ಲಿ ಕೂತ ತಮಿಳರು ಹೊಟ್ಟೆ ಹಿಡಿದು ನಗುತ್ತಿದ್ದರು. ಸಿನಿಮಾ ನೋಡಿ ನಗುತ್ತಿದ್ದರೋ, ಇವರನ್ನು ಕೇಳಿ ನಗುತ್ತಿದ್ದರೋ? ಅದೂ ನನಗೆ ಗೊತ್ತಾಗಲಿಲ್ಲ.

ಇಲ್ಲಿ ನಮ್ಮ ಚಿಗವ್ವನ ಮಾತು ಬರಬೇಕು. ನನ್ನ ಅವ್ವನ ತಂಗಿ. ಚಿಂಚೋಳಿ ಕಡೆ ಎರಡನೆಯ ಸಂಬಂಧಕ್ಕೆ ಕೊಟ್ಟಿದ್ದರು. ಗಂಡನ ಮೊದಲ ಹೆಂಡತಿ ಗಡಿಯಾಚೆಯ ತೆಲುಗು ಊರಿನವಳು, ಹೆರಿಗೆಯಲ್ಲಿ ಸತ್ತಿದ್ದಳು. ಎಂಟು ತಿಂಗಳಿಗೆ ಗಂಡನೂ ಜ್ವರದಲ್ಲಿ ಹೋದ. ಆಮೇಲೆ ಚಿಗವ್ವನಿಗೆ ಅಲ್ಲೇ ಒಂದು ಶುರುವಾಯಿತು, ನೋಡಲಾರದೆ ಅವ್ವ ನಮ್ಮ ಮನೆಗೆ ಕರೆತಂದಳು. ಮಧ್ಯಾಹ್ನ ಜೋಳ ಹಸನು ಮಾಡುತ್ತ ಕೂತವಳು ತಟ್ಟನೆ ನಿಲ್ಲುವಳು, ಕಣ್ಣು ಒಂದೇ ಕಡೆ ನೆಡುವಳು, ಬೇರೆ ದನಿಯಲ್ಲಿ ತೆಲುಗು ಮಾತಾಡುವಳು. ಅರ್ಧ ತಾಸು. ಆಮೇಲೆ ಏನೂ ನೆನಪಿಲ್ಲ, ಮತ್ತೆ ಮೊರ ಹಿಡಿದು ಜೋಳ ಕೇರುವಳು. ಸವತಿ ಗಾಳಿ, ಸತ್ತ ಮೊದಲ ಹೆಂಡತಿಯೇ ಮೈಮೇಲೆ ಬರುತ್ತಾಳೆ ಎಂದರು ಜನ. ಅಷ್ಟು ದಿನ ಗಡಿಯ ಊರಲ್ಲಿದ್ದವಳಿಗೆ ತೆಲುಗು ಕಿವಿಗೆ ಬಿದ್ದಿರುತ್ತದೆ, ದುಃಖ ಎಲ್ಲಿಂದಲೋ ಹೊರಬೀಳುತ್ತದೆ ಎಂದು ನಾನು ಟ್ರೇನಿಂಗಿನಲ್ಲಿ ಕಲಿತ ಜಾಣತನದಿಂದ ವಾದಿಸುತ್ತಿದ್ದೆ. ಆದರೆ ಆ ದನಿ ಕೇಳಿದಾಗ ಮೊದಲು ಹೊರಗೆ ಓಡುತ್ತಿದ್ದವಳು ನಾನೇ.

ಗಂಡ ಸತ್ತವಳಿಗೆ ಸೀರೆ ಉಡಿಸಿ ಮತ್ತೆ ಮನೆ ಹಿಡಿಸುವ ಉಡಿಕೆ ಪದ್ಧತಿ ನಮ್ಮವರಲ್ಲಿ ಉಂಟು. ಚಿಗವ್ವನಿಗೆ ಇಪ್ಪತ್ತೆಂಟು, ನೋಡಲು ಲಕ್ಷಣ. ಆದರೂ ಗಾಳಿ ಎಂದ ಕೂಡಲೇ ಬಂದವರು ನೀರು ಕುಡಿಯದೆ ಎದ್ದು ಹೋಗುತ್ತಿದ್ದರು. ಅಷ್ಟರಲ್ಲಿ ಅವಳ ಗಂಡನ ಅಣ್ಣನಿಂದ ಕಾಗದ ಬಂತು: ಗುರುವಾರ ಬರುತ್ತೇನೆ, ಕರೆದುಕೊಂಡು ಹೋಗುತ್ತೇನೆ. ಆ ಮನೆಯಲ್ಲಿ ಹತ್ತು ಆಳಿನ ಅಡುಗೆ, ಎಂಟು ಎಮ್ಮೆ. ಗಾಳಿ ಬಂದಾಗ ಕೊಟ್ಟಿಗೆಯ ಕಂಬಕ್ಕೆ ಕಟ್ಟುತ್ತಿದ್ದರೆಂದು ಚಿಗವ್ವ ಅವ್ವನಿಗೆ ಹೇಳಿದ್ದಳು. ಕಳಿಸಬಾರದೆಂದು ಅವ್ವನಿಗೆ ಇತ್ತು. ಯಾವ ಮಾತು ಹೇಳಿ ನಿಲ್ಲಿಸಿಕೊಳ್ಳಬೇಕೋ ಅಪ್ಪನಿಗೆ ತಿಳಿಯಲಿಲ್ಲ. ಗಂಡನ ಮನೆಯವರು ಕರೆಯುತ್ತಿದ್ದಾರೆ, ಬೇಡ ಎನ್ನಲು ಕಾರಣ ಬೇಕಲ್ಲ!

ಆ ಭಾನುವಾರ ನಮ್ಮ ಪಕ್ಕದ ಮನೆಯ ಗಾರ್ಡ್ ಸಾಹೇಬರ ಹೆಂಡತಿ, ನಾವು ಮಾಮಿ ಎನ್ನುತ್ತಿದ್ದ ತಮಿಳು ಹೆಂಗಸು, ಬಾಗಿಲಿಗೆ ಬಂದು ನಿಂತರು. "ದೆವ್ವದ ಮನೆ ಪಿಚ್ಚರ್ ಬಂದಿದೆ. ಪೂರಾ ನಗು. ಇವಳನ್ನು ಕಳಿಸಿ, ನಕ್ಕರೆ ಎಲ್ಲಾ ಗಾಳಿ ಹೋಗುತ್ತೆ" ಎಂದರು. ಅವ್ವ ಬೇಡ ಎನ್ನುವಷ್ಟರಲ್ಲಿ ಚಿಗವ್ವನೇ ಸೆರಗು ಸರಿಮಾಡಿಕೊಂಡು ಎದ್ದಳು. ನಾನು ಜೊತೆಗೆ ಹೋದೆ.

ಮಾಮಿ ಹಿಂದಿನ ಕುರ್ಚಿಗೆ, ನಾವಿಬ್ಬರೂ ನಡುವಿನ ಬೆಂಚಿಗೆ, ಮುಂದೆ ಊರ ಹೆಂಗಸರು. ಗುಡ್ಡದ ಮೇಲೆ ಒಂದು ದೊಡ್ಡ ಬಂಗಲೆ. ಒಬ್ಬ ಅಂಜುಬುರುಕ ಹುಡುಗ ಅದನ್ನು ಬಾಡಿಗೆಗೆ ಹಿಡಿಯುತ್ತಾನೆ. ಬಿಳಿ ಸೀರೆಯ, ಬಿಚ್ಚುಗೂದಲ ಒಬ್ಬಳು ದೀಪ ಹಿಡಿದು ಬರುತ್ತಾಳೆ. ಹುಡುಗ ದೊಪ್ಪನೆ ಬೀಳುತ್ತಾನೆ. ಹಿಂದಿನ ಕುರ್ಚಿಗಳಲ್ಲಿ ನಗುವೋ ನಗು.

"ಹುಡುಗ ಎಚ್ಚರ ತಪ್ಪಿದ" ಎಂದರು ಕಾಕಾ ಭೋಂಗಾದಲ್ಲಿ. "ಅಂಜಿಕಿಂದ ಅಲ್ರಿ. ಅಕೀನ್ನ ನೋಡಿ ಎದಿ ತುಂಬಿ ಬಂತು ಅಂವಗ. ಅಕಿ ಸತ್ತು ಹನ್ನೆರಡು ವರ್ಷ ಆಗ್ಯದ. ಅವತ್ತಿನಿಂದ ಯಾರೂ ಅಕಿ ಜೋಡಿ ಮಾತಾಡಿಲ್ಲ. ಬಂದೋರೆಲ್ಲ ಓಡಿ ಹೋಗ್ಯಾರ."

ಮುಂದಿನ ಬೆಂಚಿನಲ್ಲಿ ಯಾರೋ "ಪಾಪ" ಎಂದರು. ಅಲ್ಲಿಂದ ಮುಂದೆ ಟಾಕೀಸು ಎರಡು ಭಾಗವಾಯಿತು. ಹುಡುಗನ ಗೆಳೆಯ ಧೋತ್ರ ಬಿಚ್ಚಿಕೊಂಡು ಮರ ಹತ್ತುತ್ತಾನೆ, ಹಿಂದಿನವರು ನಗುತ್ತಾರೆ. "ಗೆಳ್ಯಾ ಮರ ಹತ್ತಿ ಊರಿಗೆ ಸಾರ್ಲಿಕತ್ತಾನ, ಇಕಿಗೂ ಜೀವ ಅದ ಅಂತ" ಎನ್ನುತ್ತಾರೆ ಕಾಕಾ. ಮುಂದಿನವರು ಮೂಗು ಒರೆಸಿಕೊಳ್ಳುತ್ತಾರೆ. ಹಿಂದೆ ನೋಡಿದರೆ ಮಾಮಿ ಕುರ್ಚಿಯಿಂದ ಜಾರುವಷ್ಟು ನಗುತ್ತಿದ್ದಾರೆ, ಮುಂದೆ ನೋಡಿದರೆ ಸಾವಿನ ಮನೆ. ನಡುವೆ ಕೂತ ನಾನು ಬಾಯಿ ಯಾವ ಕಡೆ ತಿರುಗಿಸಬೇಕೋ ತಿಳಿಯದೆ ಕಕ್ಕಾಬಿಕ್ಕಿಯಾದೆ. ಕೊನೆಯಲ್ಲಿ ಆ ಬಿಳಿ ಸೀರೆಯವಳು ತಲೆಯ ಮೇಲಿನ ಉದ್ದ ಕೂದಲನ್ನೇ ಕಿತ್ತು ಮೇಜಿನ ಮೇಲೆ ಇಟ್ಟಳು! ನಾನು ಕಾಕಾರನ್ನು ನೋಡಿದೆ. ಇದಕ್ಕೇನು ಹೇಳುತ್ತಾರೆ?

"ಕೂದಲು ತೆಗೆದಿಟ್ಳು" ಎಂದರು ಕಾಕಾ ತಣ್ಣಗೆ. "ದಣಿವಾದಾಗ ದೆವ್ವಗೋಳು ಹಂಗಽ ಮಾಡ್ತಾವ."

ಆಗ ಹುಡುಗ ಅವಳ ಕೈ ಹಿಡಿದು ಏನೋ ಅಂದ. ಮೂರೋ ನಾಲ್ಕೋ ಶಬ್ದ, ಹಿಂದಿನವರು ಚಪ್ಪಾಳೆ ಹೊಡೆದರು. ಕಾಕಾ ಸ್ಟೂಲಿನಿಂದ ಇಳಿದರು. ಯಾವತ್ತೂ ಇಳಿದವರಲ್ಲ. ಭೋಂಗಾ ಕೆಳಗಿಟ್ಟು, ಬರಿಯ ಬಾಯಲ್ಲಿ ಹೇಳಿದರು: "ಹುಡುಗ ಅಂತಾನ, ನಿನ್ನ ಮ್ಯಾಲ ಗಾಳಿ ಅದ ಅಂತ ಊರೆಲ್ಲ ಅಂತದ. ಇದ್ರ ಇರ್ಲಿ. ನನ್ನ ಮನ್ಯಾಗ ಜಾಗಾ ಅದ. ಅಕಿಗೂ ಒಂದು ಮೂಲಿ ಕೊಡ್ತೀನಿ. ನೀ ಬಾ."

ಚಿಗವ್ವ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆಯೊಂದು ಒಡೆಯಿತು.

ಮರುದಿನ ಚಿಗವ್ವ ನನ್ನನ್ನು ಹಿತ್ತಿಲಿಗೆ ಕರೆದಳು. "ಆ ಹುಡುಗ ಖರೇನೇ ಹಂಗಂದ್ನೇನು? ಮಾಮೀನ್ನ ಕೇಳಿ ಬಾ." ನಾನು ಹೋಗಿ ಕೇಳಿದೆ. ಮಾಮಿ ಮತ್ತೆ ನಗಲು ಶುರುಮಾಡಿದರು. "ದೆವ್ವ ಎಲ್ಲಿ? ಅವಳು ಮನೆ ಮಾಲೀಕನ ಮಗಳು! ಬಾಡಿಗೆಯವರನ್ನು ಓಡಿಸಲಿಕ್ಕೆ ವೇಷ. ಹುಡುಗ ಕೊನೆಗೆ, ಬಾಡಿಗೆ ಕೊಡಲ್ಲ, ಮದುವೆ ಆಗ್ತೀನಿ ಅಂದ. ಅಷ್ಟೇ."

ಇದನ್ನು ಬಂದು ಚಿಗವ್ವನಿಗೆ ಮುಟ್ಟಿಸಿದೆ. ನಾನು ಅವಳಿಗೆ ಲೆಕ್ಕ ಬಿಡಿಸಿ ಹೇಳಿದೆ. ಕಾಕಾಗೆ ತಮಿಳು ಬರುತ್ತದೆಯಾದರೆ ಅದು ವೇಷವೆಂದು ಗೊತ್ತಿದ್ದೂ ಬೇಕೆಂದೇ ಬದಲಿಸಿದ್ದಾರೆ. ಅಂದರೆ ಅದು ನಿನಗೇ ಹೇಳಿದ ಮಾತು. ತಮಿಳು ಬರದಿದ್ದರೆ? ಬಾಯಿಗೆ ಬಂದದ್ದು ಒದರಿದ್ದಾರೆ, ಅದರಲ್ಲಿ ಏನೂ ಇಲ್ಲ. ಇಷ್ಟೇ ಲೆಕ್ಕ. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ. ಚಿಗವ್ವ ಮಂಗಳವಾರವೆಲ್ಲ ಅದನ್ನೇ ಮೆಲುಕು ಹಾಕಿದಳು. ಕಾಕಾ ನಮ್ಮ ಮನೆಯ ಮುಂದೆ ಎರಡು ಸಲ ಹಾದುಹೋದರು, ತಲೆ ಎತ್ತಲಿಲ್ಲ. ಬುಧವಾರ ಮುಂಜಾನೆ ಚಿಗವ್ವ ಚಪ್ಪಲಿ ಮೆಟ್ಟಿಕೊಂಡಳು. "ನಡಿ. ನಾನೇ ಕೇಳ್ತೀನಿ."

ಪಾರ್ಸಲ್ ಆಫೀಸಿನಲ್ಲಿ ಎಲೆಯ ಬುಟ್ಟಿಗಳ ನಡುವೆ ಕಾಕಾ ಚೀಟಿ ಹಚ್ಚುತ್ತಿದ್ದರು. ಚಿಗವ್ವ ತೂಕದ ಕಲ್ಲಿನ ಪಕ್ಕ ನಿಂತಳು. ನಮಸ್ಕಾರವಿಲ್ಲ, ಏನಿಲ್ಲ.

"ನಿಮಗ ತಮಿಳು ಬರ್ತದೇನ್ರಿ?"

ಅವರ ಕೈಯಲ್ಲಿದ್ದ ಚೀಟಿ ಅಂಗಿಗೆ ಅಂಟಿತು. "ಯಾಕ್ರಿ?"

"ಬರ್ತದೋ ಇಲ್ಲೋ ಅಷ್ಟಽ ಹೇಳ್ರಿ."

ಕಾಕಾ ಬಾಗಿಲ ಕಡೆ ನೋಡಿದರು. ಹೊರಗೆ ಹಮಾಲರು ಇದ್ದರು. ಇಲ್ಲ ಎಂದದ್ದು ಅವರ ಕಿವಿಗೆ ಬಿದ್ದರೆ ಸಂಜೆಗೆ ಮಾಲಕರಿಗೆ ತಿಳಿಯುತ್ತದೆ, ಸ್ಟೂಲೂ ಇಲ್ಲ, ಭೋಂಗಾವೂ ಇಲ್ಲ. ಆ ಭಾನುವಾರಗಳನ್ನು ಬಿಟ್ಟರೆ ಆ ಮನುಷ್ಯರಿಗೆ ಇನ್ನೇನಿತ್ತು? ಹೌದು ಎನ್ನಲಿ ದೇವರೇ ಎಂದು ನಾನು ಸೆರಗು ಕಚ್ಚಿ ನಿಂತಿದ್ದೆ.

"ಒಂದಕ್ಷರ ಬರಂಗಿಲ್ರಿ" ಎಂದರು.

ಚಿಗವ್ವನ ಮುಖ ಬಾಡಿತು. ಅವಳು ತಿರುಗಿ ಎರಡು ಹೆಜ್ಜೆ ಇಟ್ಟಿದ್ದಳು.

"ಬಂದಿದ್ರ ಆ ಹುಡುಗ ಅಂದದ್ದು ಹೇಳ್ತಿದ್ದೆ" ಎಂದರು ಕಾಕಾ ಹಿಂದಿನಿಂದ, ಅಂಗಿಯ ಚೀಟಿ ಕೀಳುತ್ತ. "ಬರಂಗಿಲ್ಲ. ಅದಕ್ಕ ನಂದು ಹೇಳ್ದೆ."

ಅಯ್ಯೋ, ನನ್ನ ಲೆಕ್ಕವೇ ತಪ್ಪಿತ್ತು! ಚಿಗವ್ವ ನಿಂತಳು, ತಿರುಗಲಿಲ್ಲ. "ನಾಳಿ ಭಾವ ಬರ್ತಾರ್ರಿ" ಎಂದಳು ಗೋಡೆಗೆ.

"ಗೊತ್ತದ. ನಾನೂ ಬರ್ತೀನಿ."

ನಾವು ಪ್ಲಾಟ್‌ಫಾರಂ ದಾಟುವಾಗ ಮದ್ರಾಸ್ ಗಾಡಿ ಬಂದು ನಿಂತಿತ್ತು. ಅದರ ಗಾರ್ಡು ಬಾಗಿ, ಬುಟ್ಟಿ ಇಳಿಸಿಕೊಳ್ಳಲು ಬಂದ ಕಾಕಾಗೆ ಉದ್ದಕ್ಕೆ ಏನೋ ತಮಿಳಿನಲ್ಲಿ ಹೇಳಿದ. ಕಾಕಾ ಅದಕ್ಕಿಂತ ಉದ್ದಕ್ಕೆ ಏನೋ ಹೇಳಿದರು, ಗಾರ್ಡು ತಲೆಯಾಡಿಸಿ ನಕ್ಕ. ನಾನು ಕಿವಿ ನಿಮಿರಿಸುವಷ್ಟರಲ್ಲಿ ಇಂಜಿನ್ನು ಕೂಗಿತು. ಅದು ತಮಿಳೋ, ಬರೀ ಬಾಯಾಟವೋ? ಇವತ್ತಿಗೂ ಆ ಇಂಜಿನ್ನಿನ ಮೇಲೆ ನನಗೆ ಸಿಟ್ಟಿದೆ.

ಗುರುವಾರ ಭಾವ ಬಂದರು. ದೊಡ್ಡ ಪೇಟ, ದೊಡ್ಡ ಹೊಟ್ಟೆ, ಚಹಾ ಕುಡಿದ ಮೇಲೆ ಒಂದೇ ಮಾತು: "ಇಕಿ ಮೈಯಾಗ ಇರಾಕಿ ನಮ್ಮ ಮನೀ ಸೊಸಿ. ಇಕೀನ್ನ ಬ್ಯಾರೆ ಮನಿಗಿ ಕಳಸ್ತೀವಂದ್ರ ಅಕಿ ಬಿಡ್ತಾಳೇನು? ನಮ್ಮ ಮನಿಗೇ ಬರ್ಬೇಕು." ದೆವ್ವವೂ ತಮ್ಮ ಆಸ್ತಿ ಎನ್ನುವ ಹಾಗೆ! ಅಪ್ಪ ತಲೆ ತಗ್ಗಿಸಿದರು. ಚಿಗವ್ವ ಒಳಬಾಗಿಲಲ್ಲಿ ಗಂಟು ಕಟ್ಟಿಕೊಂಡು ನಿಂತಿದ್ದಳು.

ಆಗ ಕಾಕಾ ಬಂದರು. ಒಗೆದ ಅಂಗಿ, ಕಂಕುಳಲ್ಲಿ ಒಂದು ಪೊಟ್ಟಣ. ಕುಳಿತು ಪೊಟ್ಟಣ ಬಿಚ್ಚಿದರು. ಎರಡು ಸೀರೆ. ಒಂದು ಹಸಿರು, ಒಂದು ಕೆಂಪು.

"ಹಸರು ಇವರಿಗಿ" ಎಂದರು, ಒಳಬಾಗಿಲ ಕಡೆ ನೋಡದೆ. "ಕೆಂಪು ಅಕಿಗಿ. ಮೊದಲ ಹೆಣ್ತಿ ಸತ್ತು ಎರಡನೇದು ಮಾಡ್ಕೊಂಡ್ರ, ಸತ್ತಾಕಿ ಹೆಸರೀಲೆ ಒಂದು ಸೀರಿ ಇಟ್ಟು ಪೂಜಿ ಮಾಡ್ತಾರ ನಮ್ಮವರು. ನೀವು ಇಟ್ಟಿದ್ರೇನ್ರಿ, ಗೌಡ್ರ?"

ಭಾವ ಮೀಸೆಯ ಮೇಲೆ ಕೈಯಾಡಿಸಿದರು. ಇಟ್ಟಿರಲಿಲ್ಲ. ಅವಸರದ ಮದುವೆ, ಯಾರಿಗೂ ನೆನಪಾಗಿರಲಿಲ್ಲ.

"ಅದಕ್ಕೇ ಸಿಟ್ಟಿಗೆದ್ದಿರ್ಬೇಕು. ಹೆಣ್ಮಗಳು, ಎಷ್ಟು ದಿನ ತಡಕೋತಾಳ? ನಾ ಇಡ್ತೀನಿ. ಇಬ್ರೂ ನಮ್ಮ ಮನಿಗೇ ಬರ್ಲಿ."

ಭಾವ ಎದ್ದರು. ಹಂಗಿಸಲು ಬಾಯಿ ತೆರೆದರು, ಮುಚ್ಚಿದರು. ಸತ್ತ ಸೊಸೆಗೆ ಒಂದು ಸೀರೆ ಇಡದ ಮನೆಯವರು ಇನ್ನೇನು ಹೇಳಬೇಕು? ಸಂಜೆಯ ಬಸ್ಸಿಗೆ ಒಬ್ಬರೇ ಹೋದರು. ಅಪ್ಪ ಅವತ್ತು ಎರಡು ರೊಟ್ಟಿ ಹೆಚ್ಚು ಉಂಡರು. ಮುಂದಿನ ಸೋಮವಾರ ಕೆಂಪು ಸೀರೆಗೆ ಪೂಜೆಯಾಯಿತು, ಹಸಿರು ಸೀರೆ ಉಟ್ಟು ಚಿಗವ್ವ ಮೂರನೆಯ ಮನೆಗೆ ಹೋದಳು. ನಾನು ಎಷ್ಟು ಅತ್ತೆನೆಂದರೆ ಮಾಮಿ ನನ್ನನ್ನೇ ಸಮಾಧಾನ ಮಾಡಬೇಕಾಯಿತು.

ಆಮೇಲೆ ನಾನು ಸಿಕ್ಕಾಗಲೆಲ್ಲ ಕೇಳುತ್ತಿದ್ದೆ. "ಕಾಕಾ, ಖರೇ ಹೇಳ್ರಿ, ತಮಿಳು ಬರ್ತದಲ್ಲ?" ಒಮ್ಮೆ ಬರುತ್ತದೆ ಎನ್ನುವರು, ಒಮ್ಮೆ ಮರೆತೆ ಎನ್ನುವರು. ಟಾಕೀಸು ಮುಚ್ಚುವ ತನಕ ಭಾನುವಾರ ಅದೇ ಸ್ಟೂಲು, ಅದೇ ಭೋಂಗಾ. ನಾನು ಮಾಸ್ತರಿಕೆಗೆಂದು ಸೇಡಂಗೆ ಬಂದೆ. ಅವರಿಗೊಬ್ಬ ಮಗ ಹುಟ್ಟಿದ. ಅವರು ನಿವೃತ್ತರಾದರು. ಚಿಗವ್ವನಿಗೆ ಗಾಳಿ ಪೂರ್ತಿ ಬಿಟ್ಟಿತೆಂದೇ ನಾನು ತಿಳಿದಿದ್ದೆ, ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಕಾಕಾ ತೀರಿಕೊಂಡ ಮೇಲೆ ಅವರ ದಿನದ ಊಟಕ್ಕೆ ವಾಡಿಗೆ ಹೋದಾಗ, ಬಂದವರೆಲ್ಲ ಎದ್ದು ಹೋದ ಮೇಲೆ, ಚಿಗವ್ವನ ಪಕ್ಕ ಕೂತೆ. ಸಾವಿನ ಮನೆಯಲ್ಲಿ ಕೇಳುವ ಮಾತಲ್ಲ, ಆದರೂ ತಡೆಯಲಾಗಲಿಲ್ಲ.

"ಈಗರೆ ಹೇಳು ಚಿಗವ್ವಾ. ಕಾಕಾಗ ತಮಿಳು ಬರ್ತಿತ್ತೋ ಇಲ್ಲೋ?"

"ನನಗೇನು ಗೊತ್ತು" ಎಂದಳು. ಆಮೇಲೆ, "ತೆಲುಗು ಹೇಳ್ತಿದ್ರು" ಎಂದಳು.

"ಯಾವ ತೆಲುಗು?"

"ಅಕೀದು. ಅಕಿ ಬರ್ತಿದ್ಲಲ್ಲ, ವರ್ಷಕ್ಕೆರಡು ಸಲ, ಮೂರು ಸಲ. ನನಗಂತೂ ನೆನಪಿರಂಗಿಲ್ಲ. ಎಚ್ಚರ ಆದ ಮ್ಯಾಲ ಅವರು ಬಾಜೂಕ ಕುಂತು, ಅಕಿ ಏನಂದ್ಲಂದ್ರ ಅಂತ ಸುರು ಮಾಡ್ತಿದ್ರು. ಮೊದಮೊದಲು, ಸಿಟ್ಟು ಇಳದದಂತ ಅಂತಿದ್ರು. ಮಗ ಹುಟ್ಟಿದಾಗ, ಕೂಸಿಗಿ ದೃಷ್ಟಿ ತೆಗಿ ಅಂದ್ಲಂತ. ಮ್ಯಾಲಮ್ಯಾಲ, ಬಿಸಲಾಗ ಹೋಗಬ್ಯಾಡ, ಸೆರಗು ಹೊದ್ದುಕೊ, ನಿನ್ನ ಕಾಲು ಬಾತಾವ ಅಂತ. ನನ್ನ ಹೆತ್ತ ಅವ್ವನೂ ಅಷ್ಟು ಕೇಳ್ತಿದ್ದಿಲ್ಲ ನೋಡು."

ಕಾಕಾ ತೆಲುಗು ಬಲ್ಲವರೇ ಎಂಬ ಮಾತು ಬಾಯಿಗೆ ಬಂದಿತ್ತು, ನುಂಗಿದೆ.

"ಮೊನ್ನೆ ಬುಧವಾರ ಬಂದಿದ್ಲಂತ" ಎಂದಳು ಚಿಗವ್ವ. "ಮಗ ಹೇಳ್ದ. ಅವರು ಹೋದ ಮ್ಯಾಲ ಮೊದಲ ಸಲ. ಅರ್ಧ ತಾಸು ಅತ್ಲಂತ, ಏನೇನೋ ಅಂದ್ಲಂತ." ಅವಳು ನನ್ನ ಕಡೆ ತಿರುಗಿದಳು. "ಏನಂದ್ಲೋ ಏನೋ. ಈಗ ನನಗ ಯಾರು ಹೇಳ್ತಾರ?"

ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು, ಚಿಗವ್ವ ನನ್ನ ಬಾಯನ್ನೇ ನೋಡುತ್ತ ಕೂತಿದ್ದಳು.